ಬೆನ್ನು ಬಗ್ಗಿಸದ ಸೈಕಲ್ ಕಟ್ಟುವ ಅತ್ತಿಗೆ

ಬೆಳಗಿನ ಐದೂವರೆ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅತ್ತಿಗೆ ಒಂದು ಮೌಂಟನ್ ಬೈಕನ್ನು ತಲೆಕೆಳಗು ಮಾಡಿ, ಸೀಟಿನ ಕಂಬಿಯನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿದ್ದಾರೆ. ಮೂವತ್ತು ವರ್ಷದ ತುಕ್ಕಿಗೆ ಕಂಬಿ ಫ್ರೇಮಿಗೇ ಅಂಟಿಕೊಂಡಿದೆ. ಎರಡು ದಿನದಿಂದ ಎಣ್ಣೆ ಕುಡಿಸಿದ್ದಾರೆ. ಈಗ ಇಡೀ ಫ್ರೇಮನ್ನೇ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ.

"ಬಲ ಹಾಕಿದ್ರೆ ಫ್ರೇಮೇ ಹೋಗುತ್ತೆ. ನಿದ್ದೆಗಣ್ಣಿನ ಮಗೂನ ಎಬ್ಬಿಸ್ತೀವಲ್ಲ, ಹಾಗೆ. ಒಂಚೂರು ಈ ಕಡೆ, ಒಂಚೂರು ಆ ಕಡೆ," ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಮುಕ್ಕಾಲು ಗಂಟೆಗೆ ಕಂಬಿ ಕಿರುಗುಟ್ಟಿ ಕಳಚುತ್ತದೆ. ಅತ್ತಿಗೆ ನೆಲದ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಾರೆ.

ಗುಡ್ಡ ಹತ್ತಲೆಂದು ಹುಟ್ಟಿದ ಈ ಸೈಕಲ್ಲುಗಳ ಮೇಲೆ ಮುಂದಕ್ಕೆ ಬಾಗಿಯೇ ಕೂರಬೇಕು. ಅತ್ತಿಗೆ ನೇರ ಹ್ಯಾಂಡಲ್ ತೆಗೆದು, ಸವಾರನ ಕಡೆಗೆ ಬಾಗಿ ಬರುವ ಎತ್ತರದ ಹ್ಯಾಂಡಲ್ ಕೂರಿಸುತ್ತಾರೆ. ಮುಳ್ಳು ಟೈರಿನ ಜಾಗಕ್ಕೆ ದಪ್ಪನೆಯ ನುಣುಪು ಟೈರು, ಸ್ಪ್ರಿಂಗಿನ ಅಗಲ ಸೀಟು, ಮಡ್‌ಗಾರ್ಡು, ಹಿಂದೊಂದು ಕ್ಯಾರಿಯರ್. ಒಂದಕ್ಕೆ ಹನ್ನೊಂದು ದಿನ. ಇದುವರೆಗೆ ಇನ್ನೂರ ನಾಲ್ಕು ಸೈಕಲ್ ಹೀಗೆ ಪೇಟೆಗಿಳಿದಿವೆ.

ಐವತ್ನಾಲ್ಕರ ಇವರನ್ನು ಬೀದಿಯೆಲ್ಲ ಅತ್ತಿಗೆ ಅಂತಲೇ ಕರೆಯುತ್ತದೆ, ಅಂಗಡಿಯಲ್ಲಿ ಕೂರುವ ಮೈದುನ ಹಾಗೆ ಕರೆಯುವುದರಿಂದ. ಕೆಲಸ ಕಲಿಸಿದ್ದು ಗಂಡ. ಅವರ ಕೈ ನಡುಗತೊಡಗಿದಾಗ ಸ್ಪ್ಯಾನರ್ ಇವರ ಕೈಗೆ ಬಂತು. "ನೀನೇ ಮಾಡೋದು ಅಂತ ಯಾರಿಗೂ ಹೇಳ್ಬೇಡ ಅಂದಿದ್ರು. ಅವರಿದ್ದಷ್ಟು ದಿನ ಹೇಳಲಿಲ್ಲ. ಅವರು ಹೋದ್ಮೇಲೆ ಹೇಳಿದ್ರೆ ಯಾರೂ ನಂಬಲಿಲ್ಲ." ಗಂಡ ತೀರಿ ಒಂಬತ್ತು ವರ್ಷ. ಗಿರಾಕಿಗಳೊಂದಿಗೆ ಮಾತು ಮೈದುನನದು. ಏನು ಮಾಡಬೇಕೆಂಬುದು ಅವನ ಬಾಯಿಂದಲೇ ಶೆಡ್ಡಿಗೆ ಬರಬೇಕಿತ್ತು.

ಹೋದ ವರ್ಷ ಪ್ರದರ್ಶನವೊಂದರಲ್ಲಿ ಅತ್ತಿಗೆ ಕಟ್ಟಿದ ಹಸಿರು ಸೈಕಲ್ಲಿಗೆ ಮೊದಲ ಬಹುಮಾನ ಬಂತು. ವೇದಿಕೆ ಹತ್ತಿದ್ದು ಮೈದುನ. ಕೆಳಗೆ ಕೂತಿದ್ದ ಅತ್ತಿಗೆಯ ಕಿವಿಗೆ ಬಿದ್ದದ್ದು ಇಷ್ಟು: "ಒಂದೊಂದು ನಟ್ಟೂ ನಾನೇ ಕೂರಿಸಿದ್ದು." ಅವನು ಕೆಳಗಿಳಿದಾಗ ಸೈಕಲ್ಲಿನ ಒಡತಿ ಅವನಿಗೆ ಕೈಮುಗಿದು, ಪಕ್ಕದಲ್ಲಿದ್ದ ಅತ್ತಿಗೆಗೆ "ಅಮ್ಮಾ, ಒಂದು ಲೋಟ ನೀರು ತಂದ್ಕೊಡ್ತೀರಾ?" ಎಂದರು. ಅತ್ತಿಗೆ ತಂದುಕೊಟ್ಟರು.

ಅದನ್ನಾದರೂ ನುಂಗಿಕೊಂಡರು. ಆಮೇಲಿನದು ನುಂಗುವಂಥದ್ದಲ್ಲ.

ಲಕ್ವ ಹೊಡೆದು ಬಲಗೈ ಹಿಡಿತ ಕಳೆದುಕೊಂಡಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಹಳೆಯ ಸೈಕಲ್ ತಂದು, ಎರಡೂ ಬ್ರೇಕು ಎಡಗೈಗೇ ಸಿಗಬೇಕೆಂದು ಮೈದುನನಿಗೆ ಬಿಡಿಸಿ ಹೇಳಿದ್ದರು. ಶೆಡ್ಡಿಗೆ ಬಂದ ಮಾತು ಒಂದೇ: "ಸೀಟು ಅಗಲ ಇರ್ಲಿ ಅತ್ತಿಗೆ." ಎಂದಿನಂತೆ ಎರಡು ಕೈಗೆ ಎರಡು ಬ್ರೇಕ್ ಬಂದವು. ಅದನ್ನು ನೋಡದೆಯೇ ಮೈದುನ ಸೈಕಲ್ ಒಪ್ಪಿಸಿದ. ಹೇಳಿದಂತೆಯೇ ಮಾಡಿದೆ ಎಂಬ ಅವನ ಮಾತು ನಂಬಿ ಮೇಷ್ಟ್ರು ಹತ್ತಿದರು. ಮೊದಲ ಇಳಿಜಾರಿನಲ್ಲೇ ಎಡಗೈಯ ಒಂದೇ ಬ್ರೇಕು ಸಾಲದೆ ಬಿದ್ದು ಭುಜದ ಮೂಳೆ ಮುರಿಯಿತು.

ಮೇಷ್ಟ್ರ ಹೆಂಡತಿ ಅಂಗಡಿಗೆ ಬಂದು ಕೇಳಿದಾಗ ಮೈದುನ ಹಿಂದಕ್ಕೆ ಕೈ ತೋರಿಸಿದ. "ಒಳಗಿನ ಕೆಲಸದೋರು ತಪ್ಪು ಮಾಡಿದ್ದಾರೆ."

"ಹೊಗಳಿಕೆ ಮುಂಬಾಗಿಲಿಗೆ, ಬೈಗುಳ ಹಿತ್ತಿಲಿಗೆ," ಎನ್ನುತ್ತಾರೆ ಅತ್ತಿಗೆ. ದನಿ ಏರುವುದಿಲ್ಲ. "ಆಯಮ್ಮ ಬೈದಿದ್ದು ಸರಿಯೇ. ಕಟ್ಟಿದ ಕೈ ನಂದಲ್ವಾ?"

ಅತ್ತಿಗೆ ಆಸ್ಪತ್ರೆಗೆ ಹೋದರು. ಮೇಷ್ಟ್ರು ಮುಖ ಗೋಡೆಗೆ ತಿರುಗಿಸಿದರು. ಅತ್ತಿಗೆ ಸೈಕಲ್ಲನ್ನು ಮರಳಿ ತಂದು, ಒಂದೇ ಹಿಡಿಗೆ ಎರಡು ತಂತಿ ಎಳೆಯುವಂತೆ ಎಡಗಡೆಗೆ ಜೋಡಿಸಿದ್ದಾರೆ. ಆರು ದಿನದ ಕೆಲಸ. ಹೇಳಿ ಕಳಿಸಿದರೂ ಯಾರೂ ಬಂದಿಲ್ಲ. ಏಳು ತಿಂಗಳಿಂದ ಅದು ಮೂಲೆಯಲ್ಲಿದೆ.

ಆಮೇಲೆ ಅತ್ತಿಗೆ ಮೈದುನನಿಗೆ ಜೀವನದಲ್ಲಿ ಮೊದಲ ಸಲ ಷರತ್ತು ಹಾಕಿದರು: ಅಂಗಡಿಯೊಳಗೆ ಗಿರಾಕಿಗಳೆದುರು ನನಗೂ ಒಂದು ಕುರ್ಚಿ, ಇಲ್ಲದಿದ್ದರೆ ಸ್ಪ್ಯಾನರ್ ನೀನೇ ಹಿಡಿ. ಅವನು ಹಿಡಿಯಲಾರ. ಕುರ್ಚಿ ಬಂತು.

ಇವತ್ತು ಹತ್ತು ಗಂಟೆಗೆ ಗಿರಾಕಿಯೊಬ್ಬರು ಸೊಂಟ ಹಿಡಿದುಕೊಂಡೇ ಅಂಗಡಿ ಹತ್ತುತ್ತಾರೆ. ಅತ್ತಿಗೆ ಎದ್ದು ನಿಂತು, "ಎಲ್ಲಿ ನೋವು? ಬಗ್ಗಿದಾಗಲೋ, ಕೂತಾಗಲೋ?" ಎಂದು ಕೇಳುತ್ತಾರೆ. ಗಿರಾಕಿ ಉತ್ತರವನ್ನು ಮೈದುನನ ಮುಖ ನೋಡಿ ಕೊಡುತ್ತಾರೆ.

ಅವರು ಹೋದಮೇಲೆ, ನಿಮಗೇನು ಬೇಕು ಎಂದು ನಾನು ಕೇಳುತ್ತೇನೆ. ಅತ್ತಿಗೆ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಾರೆ.

"ಬಹುಮಾನ ಅವನೇ ಇಟ್ಕೊಳ್ಳಲಿ. ಬಂದೋರು ನೋವನ್ನ ನನಗೆ ಹೇಳಿದ್ರೆ ಸಾಕು. ಇನ್ನೊಬ್ರು ಬೀಳಬಾರದು."