ನೀರು ಸೋಕದ ಶೇಂಗಾ

ರಾಯಚೂರಿನ ಈಜುಕೊಳದಲ್ಲಿ ಸಂಜೆ ನಮ್ಮ ಜತೆ ಈಜುತ್ತಿದ್ದ ಗಣಿತದ ಮಾಸ್ತರರು ಗುಡಿಯ ಪೂಜೆಯ ಮನೆತನದವರು. ಈಜಿ ಹೊರಬಂದವರೆಲ್ಲ ಗೇಟಿನ ಮುಂದಿನ ತಿಂಡಿ ಬಂಡಿಗೆ ಮುಗಿಬೀಳುತ್ತಿದ್ದೆವು. ಅವರು ತಲೆ ಒರೆಸಿಕೊಳ್ಳುತ್ತಾ, "ಈಗ ಹಸಿವು ಮಾತಾಡಾಕತ್ತದ, ನೀವು ಸುಮ್ಮನಿರ್ರಿ" ಎಂದು ಎಣ್ಣೆಯ ಮಿರ್ಚಿ ಭಜಿ ತಪ್ಪಿಸಿ ನಮಗೆಲ್ಲ ಮಂಡಕ್ಕಿಯ ಸುಸಲಾ ಹೇಳುತ್ತಿದ್ದರು. ತಾವು ಮಾತ್ರ ಮನೆಯಿಂದ ತಂದ ಡಬ್ಬಿಯ ಅವಲಕ್ಕಿ ತಿನ್ನುತ್ತಿದ್ದರು. ಹೊರಗಿನದೇನನ್ನೂ ಮುಟ್ಟಿದವರಲ್ಲ.

ಒಂದು ಏಕಾದಶಿಯ ಸಂಜೆ ಅವರ ಕೈಯಲ್ಲಿ ಡಬ್ಬಿ ಇರಲಿಲ್ಲ. ಉಪವಾಸವೆಂದು ಅವರೂ ಹೇಳಲಿಲ್ಲ. ಡಬ್ಬಿ ಮರೆತಿದ್ದಾರೆಂದುಕೊಂಡ ಬಂಡಿಯ ಮುದುಕಿ ಹುರಿದ ಶೇಂಗಾದ ಪೊಟ್ಟಣ ಚಾಚಿದಳು.

"ನೀರು ಸೋಕಿಸಿಲ್ರಿ ಸರ, ಬರೇ ಹುರದೀನಿ. ನಿಮಗ ನಡೀತದ."

ಮಡಿಯವರಿಗೆ ನೀರು ತಾಗದ ತಿನಿಸು ಆದೀತೆಂಬುದು ಅವಳಿಗೆ ಗೊತ್ತಿತ್ತು. ಮಾಸ್ತರರು ಪೊಟ್ಟಣವನ್ನು ಒದ್ದೆ ಟವೆಲ್ಲಿಗೆ ತಾಗದಂತೆ ಜೇಬಿಗಿಟ್ಟುಕೊಂಡು ಹೊರಟರು. ಹಾದಿಯಲ್ಲಿ ಯಾರಿಗಾದರೂ ಕೊಟ್ಟಾರು ಎಂದುಕೊಂಡೆ.

ಮರುದಿನ ಅವರು ಈಜುವ ಮೊದಲೇ ಬಂಡಿಗೆ ಹೋದರು.

"ಯವ್ವಾ, ಮುಂಜಾನಿ ಪಾರಣಿ ನಿನ್ನ ಶೇಂಗಾದಿಂದನ ಆತು."

"ಹಂಗಂದ್ರ ಏನ್ರಿ?"

"ನಿನ್ನಿ ದಿನಾ ಪೂರಾ ಉಪವಾಸ ಇದ್ದೆ. ಮೊದಲನೇ ತುತ್ತು ನಿಂದು."