ಒಂಟಿ ಕೂಗು

ನಮ್ಮಣ್ಣ ಬಾಗಿಲಾಚೆ ನಿಂತು ನನ್ನ ಹೆಸರು ಹಿಡಿದು ಕೂಗಿದಾಗ ನಾನು ಅಗುಳಿ ತೆಗೆಯಲಿಲ್ಲ. ಅದೊಂದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕಿದ್ದನ್ನು ಬರೆಯುವ ಧೈರ್ಯ ಬಂದೀತು.

ಆಗ ಮಹಾರಾಜರ ಆಳ್ವಿಕೆ, ಯುದ್ಧದ ವರ್ಷಗಳು. ಮಿರ್ಲೆಗೆ ಹತ್ತಿರದ ನಮ್ಮೂರಿನಲ್ಲಿ ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರೇ ಒಂದು ಸಲ ಕೂಗಿದರೂ ಓಗೊಡುವಂತಿರಲಿಲ್ಲ. ಮಾರಿಯಾಗಲಿ ದೆವ್ವವಾಗಲಿ ನಮ್ಮವರ ದನಿಯಲ್ಲೇ ಕೂಗುತ್ತದೆ, ಆದರೆ ಒಂದೇ ಸಲ. ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ ಎಂದು ಹಿರಿಯರ ನಂಬಿಕೆ. ನಿಮ್ಮಲ್ಲೂ ಕೆಲವರಿಗೆ ಚಿಕ್ಕಂದಿನಲ್ಲಿ ಹೀಗೇ ಹೇಳಿಕೊಟ್ಟಿರಬೇಕು.

ಅಣ್ಣ ಮಾದೇವ ನನಗಿಂತ ನಾಲ್ಕು ವರ್ಷ ದೊಡ್ಡವನು. ಅಪ್ಪನ ಜೊತೆ ಬೆಲ್ಲದ ಗಾಡಿಯಲ್ಲಿ ಕೃಷ್ಣರಾಜನಗರಕ್ಕೆ ಹೋದವನು (ನಮ್ಮಜ್ಜಿ ಸಾಯುವವರೆಗೂ ಅದನ್ನು ಎಡತೊರೆ ಎಂದೇ ಕರೆಯುತ್ತಿದ್ದಳು) ಟೆಂಟಿನಲ್ಲಿ ಸಿನಿಮಾ ನೋಡಿ ಬಂದ. ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿಕೊಂಡ ಒಬ್ಬ ಪತ್ತೇದಾರ, ಅವನು ಯಾರೆಂದು ಯಾರಿಗೂ ತಿಳಿಯದಂತೆ ಕೇಡಿಗಳನ್ನು ಹಿಡಿದುಕೊಟ್ಟು ಮಾಯವಾಗುತ್ತಾನಂತೆ. ಅಂದಿನಿಂದ ಅಣ್ಣನಿಗೆ ಬೇರೆ ಮಾತಿಲ್ಲ. ಅಜ್ಜನ ಮುರಿದ ಕೊಡೆಯ ಬಟ್ಟೆ ಹರಿದು, ಕೆಂಡದಲ್ಲಿ ಕಾಯಿಸಿದ ದಬ್ಬಳದಿಂದ ಕಣ್ಣಿಗೆ ಎರಡು ತೂತು ಸುಟ್ಟು, ಮುಖಕ್ಕೆ ಕಟ್ಟಿಕೊಂಡು ಓಡಾಡತೊಡಗಿದ. ಬೀದಿಯ ಹುಡುಗರ ಬಾಯಲ್ಲಿ ಪತ್ತೇದಾರ ಹೋಗಿ ಪಟ್ಟೇದಾರ ಆಯಿತು.

"ಪತ್ತೆ ಮಾಡೋನು ಪತ್ತೇದಾರ ಕಣ್ಲಾ. ಸೀರೆಗೆ ಪಟ್ಟೆ ಆಕೋನಲ್ಲ" ಎಂದು ಅವನು ತಿದ್ದುತ್ತಿದ್ದ.

ಅದು ರಾಗಿ ಒಕ್ಕುವ ಕಾಲ. ಮಾಗಿಯ ಚಳಿ, ಬೀದಿ ತುಂಬ ಅವರೆಕಾಯಿಯ ಸೊಗಡು. ಕಣದಲ್ಲಿ ರೋಣಗಲ್ಲು ಉರುಳಿದ ಹುಲ್ಲಿನ ಮೇಲೆ ಜಾರುಬಂಡೆ ಆಡಿ, ಮೈಯೆಲ್ಲ ಕಡಿತ ಹತ್ತಿಸಿಕೊಂಡು ಮನೆಗೆ ಬಂದರೆ ಅವ್ವ ಬೈಯುತ್ತಲೇ ಬಿಸಿನೀರು ಹುಯ್ದು, ಹಿತಕಿದ ಬೇಳೆ ಸಾರಿಗೆ ಮುದ್ದೆ ಇಡುತ್ತಿದ್ದಳು. ಆದರೆ ಆ ವರ್ಷ ದೊಡ್ಡವರು ನಗುತ್ತಿರಲಿಲ್ಲ. ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಲೆವಿ ರಾಗಿ ಅಳೆದ ಮೇಲೆ ಉಳಿಯುವುದೇ ಅಷ್ಟಿಷ್ಟು. ಅದರಲ್ಲೂ ರಾಶಿ ಕರಗುತ್ತಿತ್ತು. ಗುರುತಿಗೆಂದು ರಾಶಿಯ ಮೇಲೆ ಎಳೆದ ಬೂದಿಯ ಗೆರೆ ಬೆಳಗ್ಗೆ ನೋಡಿದರೆ ಕದಡಿರುತ್ತಿತ್ತು. ಕಣದ ಕಾವಲಿಗೆ ಊರವರೇ ಗೊತ್ತುಮಾಡಿದ್ದ ಕೆಂಚಯ್ಯನೂ ಅವನ ಬಾಮೈದನೂ, ನಾವು ರೆಪ್ಪೆ ಮುಚ್ಚಿಲ್ಲ, ಇದು ಗಾಳಿಯ ಕೆಲಸ ಎನ್ನುತ್ತಿದ್ದರು.

ಅಣ್ಣ ಅದನ್ನು ನಂಬಲಿಲ್ಲ. ಊರೆಲ್ಲ ಉಣ್ಣಲು ಮನೆ ಸೇರುವ ಮುಸ್ಸಂಜೆಯಲ್ಲಿ ಕಣದಲ್ಲಿ ಉಳಿಯುವವರು ಕಾವಲಿನವರಿಬ್ಬರೇ ಎಂಬುದು ಅವನ ತರ್ಕ. ಹುಲ್ಲಿನ ಮೆದೆಯ ಹಿಂದೆ ಅವಿತು ಅವರನ್ನೇ ಕಾಯುತ್ತೇನೆಂದ. ನನಗೂ ಒಂದು ಕೆಲಸ ಕೊಟ್ಟ.

"ನಾನೇನಾರ ಓಡಿಬಂದ್ರೆ ಬಾಗ್ಲು ತೆಗೀಬೇಕು ನೀನು. ಮೂರು ಸಲ ಕೂಗಾಕೆ ಪುರುಸೊತ್ತಿರಾಕಿಲ್ಲ ಪುಟ್ಟಿ, ಒಂದೇ ಸಲ ಕೂಗ್ತೀನಿ. ಆಯ್ತಾ?"

ಅವ್ವನಾಣೆ ಎಂದು ಒಪ್ಪಿದೆ.

ಮೂರನೆಯ ಸಂಜೆ. ಅಪ್ಪ ಅವ್ವ ಹೊಲದಿಂದ ಇನ್ನೂ ಬಂದಿರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಒಲೆಯ ಮುಂದೆ ಕೂತಿದ್ದೆ. ಬೀದಿಯಲ್ಲಿ ಬರಿಗಾಲಿನ ಓಟ ಕೇಳಿಸಿತು. ಆಮೇಲೆ ಬಾಗಿಲ ಸಂದಿಯಲ್ಲೇ, ಏದುಸಿರಿನಲ್ಲಿ, "ಪುಟ್ಟೀ" ಎಂಬ ಒಂದೇ ಕೂಗು.

ಓಡಿಹೋಗಿ ಅಗುಳಿಯ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ಅವನ ಹಿಂದೆ ಎಕ್ಕಡದ ಲಾಳಗಳು ಕಲ್ಲಿಗೆ ಬಡಿಯುವ ಸದ್ದು ಬಂತು. ಲಾಳ ಹೊಡೆಸಿದ ಎಕ್ಕಡ ನಮ್ಮೂರಿನಲ್ಲಿ ಇದ್ದದ್ದು ಕೆಂಚಯ್ಯನಿಗೆ ಮಾತ್ರ. ತೆಗೆದರೆ ಅವನೂ ಒಳಗೆ ಬರುತ್ತಾನೆ ಎನ್ನಿಸಿತು. ನನ್ನ ಕೈ ಹಿಂದಕ್ಕೆ ಬಂತು. ಅಣ್ಣ ಮತ್ತೆ ಕೂಗಲಿಲ್ಲ. ಹಲಗೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದ. ಒದೆ ಬಿದ್ದದ್ದು, ಅವನನ್ನು ಎಳೆದುಕೊಂಡು ಹೋದದ್ದು ಎಲ್ಲವೂ ನನಗೆ ಕೇಳಿಸಿತು.

ಕಣದಲ್ಲಿ ಜನ ಸೇರಿದರು, ನಾನೂ ಅವರ ಹಿಂದೆಯೇ ಹೋದೆ. ಅಪ್ಪ ಅವ್ವನೂ ಹೊಲದಿಂದ ನೇರ ಅಲ್ಲಿಗೇ ಬಂದರು. ಅಣ್ಣನ ತುಟಿ ಒಡೆದಿತ್ತು, ಕೊಡೆಯ ಬಟ್ಟೆ ಕೊರಳಲ್ಲಿ ಜೋತಾಡುತ್ತಿತ್ತು.

"ಮುಸುಕಾಕ್ಕಂಡು ರಾಸಿಗೆ ಕೈಯಾಕಿದ್ದ ಕಣ್ರಪ್ಪ" ಎಂದ ಕೆಂಚಯ್ಯ. "ಒಳ್ಳೇ ಕೆಲ್ಸ ಮಾಡೋನು ಯಾವನಾರ ಮಕ ಮುಚ್ಕತಾನಾ?"

ಈ ಕಾವಲಿನವರೇ ಚೀಲ ತುಂಬುತ್ತಿದ್ದುದನ್ನು ಕಂಡೆನೆಂದು ಅಣ್ಣ ಹೇಳಿದರೆ ಜನ ನಕ್ಕರು. ಕೊನೆಗೆ ಅವನು, ನನ್ನ ತಂಗಿಯನ್ನು ಕೇಳಿ, ಅವಳಿಗೆಲ್ಲ ಗೊತ್ತು ಎಂದ.

ಪಟೇಲರು ನನ್ನನ್ನು ಮುಂದೆ ಕರೆದರು. "ಯಾಕವ್ವ ಮಗ, ಬಾಗ್ಲು ತೆಗೀಲಿಲ್ವಂತೆ?"

ಕೆಂಚಯ್ಯ ನನ್ನನ್ನೇ ನೋಡುತ್ತಿದ್ದ.

"ಒಂದೇ ಸಲ ಕೂಗ್ದ, ಅದ್ಕೆ."

ಜನ ತಲೆದೂಗಿದರು. ಜಾಣೆ ಎಂದು ಯಾರೋ ನನ್ನ ಬೆನ್ನು ಸವರಿದರು. ಬೇರೇನಾದರೂ ಗೊತ್ತೇ ಎಂದು ಪಟೇಲರು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ. ಅಣ್ಣ ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಕೊರಳಿನ ಬಟ್ಟೆಯನ್ನು ಬಿಚ್ಚಿ ಕೆಳಗೆ ಬಿಟ್ಟ.

ರಾಶಿಗಳ್ಳ ಎಂಬ ಹೆಸರು ಅವನಿಗೆ ಅಂಟಿತು. ಅಪ್ಪನೂ ಅವನನ್ನು ಕಣಕ್ಕೆ ಬಿಡಲಿಲ್ಲ. ಮುಂದಿನ ಬೆಳೆ ಬರುವ ಮೊದಲೇ ಅವನು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೊರಟುಹೋದ. ಕೆಲವು ವರ್ಷಗಳ ಮೇಲೆ ಕೆಂಚಯ್ಯ ಚೀಲದ ಸಮೇತ ಸಿಕ್ಕಿಬಿದ್ದ. ಊರು ನಾಲ್ಕು ದಿನ ಆಡಿಕೊಂಡು ಸುಮ್ಮನಾಯಿತು. ಅಣ್ಣನನ್ನು ಕರೆತರಲು ಯಾರೂ ಹೋಗಲಿಲ್ಲ. ನಾನು ಆಗಲೂ ನಿಜ ಹೇಳಲಿಲ್ಲ.

ಈಗ ಕಣಗಳಿಲ್ಲ, ರಾಗಿಯನ್ನು ಟಾರು ರಸ್ತೆಗೆ ಹರವಿ ಬಸ್ಸಿನ ಗಾಲಿಯಿಂದ ತುಳಿಸುತ್ತಾರೆ. ಹುಲ್ಲಿನ ಮೇಲೆ ಜಾರುವ ಮಕ್ಕಳೂ ಇಲ್ಲ. ಅದಕ್ಕೆಲ್ಲ ನಾನು ಅಷ್ಟಾಗಿ ಮರುಗುವುದಿಲ್ಲ. ನನ್ನ ಮದುವೆಗೆ ಬಂದ ಅಣ್ಣ ಚಪ್ಪರದ ಅಂಚಿನಲ್ಲಿ ನೆಂಟನ ಹಾಗೆ ನಿಂತು, "ಚೆನ್ನಾಗಿದ್ದೀರಾ?" ಎಂದು ಕೇಳಿದ. ಒಡಹುಟ್ಟಿದ ತಂಗಿಗೆ 'ನೀವು' ಎಂದ. ಆಮೇಲೆ ಯಾವತ್ತೂ ಅದನ್ನು ಬದಲಿಸಲಿಲ್ಲ. ನಾನು ಕಳೆದುಕೊಂಡದ್ದನ್ನು ಅಳೆಯಲು ನನಗೆ ಆ ಒಂದು ಮಾತು ಸಾಕು.

ಕಳೆದ ಬೇಸಿಗೆಯಲ್ಲಿ ಅವನ ಮನೆಗೆ ಒಬ್ಬಳೇ ಹೋದೆ. ಅಂಗಳದಲ್ಲಿ ಕೂತು ಗುದ್ದಲಿಗೆ ಕಾವು ಕೂರಿಸುತ್ತಿದ್ದ. ಬನ್ನಿ, ಕೂತ್ಕೊಳ್ಳಿ ಎಂದ. ನಾನು ಕೂರಲಿಲ್ಲ.

"ಅಣ್ಣ, ಅವತ್ತು ಕೂಗಿದ್ದು ನೀನೇ ಅಂತ ನಂಗೆ ಗೊತ್ತಿತ್ತು. ಎದ್ರಿಕಂಡು ತೆಗೀಲಿಲ್ಲ. ಆಮೇಲೆ ಊರೋರ ಮುಂದೆ ಸುಳ್ಳೇಳ್ದೆ. ನಿನ್ನ ಕಳ್ಳನ್ ಮಾಡ್ದೋಳು ನಾನೇ. ತೆಪ್ಪಾಯ್ತು ಕಣಣ್ಣ."