ಹಳೆಯ ವರ್ಷದ ಕೊಳ್ಳಿ

ಅಲಮೇಲು ಅವರದು ಸುಮ್ಮನಿರುವ ಕೈಯಲ್ಲ. ಅಮೆರಿಕದ ರಾಲಿ ನಗರದ ಪ್ರಯೋಗಾಲಯವೊಂದರಲ್ಲಿ ಮೂವತ್ತೆರಡು ವರ್ಷ ರೋಗಾಣುಗಳ ಬೆನ್ನು ಹತ್ತಿದ್ದ ಆಕೆ, ನಿವೃತ್ತರಾದ ಮೇಲೂ ಕಂಡವರ ಮನೆಯ ಸಿಂಕನ್ನು ಒರೆಸಿಯೇ ಕೂರುವ ಜೀವ. ಎಪ್ಪತ್ತೆರಡರಲ್ಲೂ ತಾವೇ ಕಾರು ಓಡಿಸಿಕೊಂಡು ಮಗ ಯಶವಂತನ ಮನೆಗೆ ಬರುತ್ತಾರೆ. ಬಂದವರು ಕೋಟು ಬಿಚ್ಚುವ ಮೊದಲೇ ಏನಾದರೊಂದನ್ನು ಎತ್ತಿಡುತ್ತಾರೆ.

ಆ ಮನೆಯಲ್ಲಿ ಅವರ ಕೈಗೆ ಸಿಗದೆ ಉಳಿದದ್ದು ಒಂದೇ, ಕಿಟಕಿಯ ಪಕ್ಕದ ಪುಟ್ಟ ಮೇಜು. ಸೊಸೆ ಮೆರಿಡಿತ್ ಪೇಗನ್ ಮನೆತನದವಳು. ಸೂರ್ಯ, ಮಣ್ಣು, ಮರ, ಋತು, ಇವೇ ಅವರ ದೇವರು; ಆ ಮೇಜೇ ದೇವರ ಜಾಗ. ಋತು ಬದಲಾದಂತೆ ಮೇಜಿನ ಮೇಲಿನ ಸಾಮಾನೂ ಬದಲಾಗುತ್ತದೆ. ಬೇಸಗೆಯಲ್ಲಿ ಕಡಲ ಚಿಪ್ಪು, ಚಳಿಗಾಲದಲ್ಲಿ ಪೈನ್ ಕಾಯಿ, ಎಲೆಗಳು, ಒಣಗಿಸಿದ ಕಿತ್ತಳೆ ಬಿಲ್ಲೆ. ಮೊದಮೊದಲು ಅಲಮೇಲು ಅದನ್ನು ಕಸ ಎಂದೇ ಕರೆದಿದ್ದರು. ಏಳು ವರ್ಷದ ಮೊಮ್ಮಗಳು ನಿಧಿ ಮುಖ ಊದಿಸಿಕೊಂಡಾಗ ನಾಲಿಗೆ ಕಚ್ಚಿಕೊಂಡರು. ಈ ಡಿಸೆಂಬರಿನಲ್ಲಂತೂ, ದೇವರೆಂದ ಮೇಲೆ ದೇವರೇ, ತಾನೂ ಮರ್ಯಾದೆ ಕೊಡಬೇಕು ಎಂದು ನಿರ್ಧರಿಸಿದರು.

ಮರ್ಯಾದೆ ಕೊಟ್ಟದ್ದೇ ಎಡವಟ್ಟಾಯಿತು.

ಗುರುವಾರ ಪುಳಿಯೋಗರೆ ಇಟ್ಟು ಹೋಗಲು ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ದೇವರ ಮುಂದೆ ಬಾಡಿದ್ದು ಉಳಿಯಬಾರದಲ್ಲ, ಒಣಗಿದ ಎಲೆಗಳನ್ನೆಲ್ಲ ನಿರ್ಮಾಲ್ಯದಂತೆ ತಟ್ಟೆಗೆ ತೆಗೆದರು. ಎಲೆಗಳ ಹಿಂದೆ ಗೇಣುದ್ದದ ಸುಟ್ಟ ಕೊಳ್ಳಿ! ದೇವರ ಜಾಗದಲ್ಲಿ ಇದೆಂಥ ಅಮಂಗಳ ಎಂದುಕೊಂಡರು. ಅದನ್ನೂ ಎಲೆಗಳ ಜೊತೆ ಒಯ್ದು, ಯಾರೂ ತುಳಿಯದಂತೆ ಹಿತ್ತಲ ಮ್ಯಾಗ್ನೋಲಿಯಾ ಮರದ ಬುಡಕ್ಕೆ ಹಾಕಿ, ಕೈ ಮುಗಿದು ಬಂದರು. ಆಮೇಲೆ ಎರಡು ದಿನ ಬಿಡದೆ ಮಳೆ ಸುರಿಯಿತು.

ಶನಿವಾರ ಅವರ ಯೂಲ್ ಹಬ್ಬ, ವರ್ಷದ ಅತಿ ಚಿಕ್ಕ ಹಗಲು. ಅಲಮೇಲು ಬರುವ ಹೊತ್ತಿಗೆ ಬೆಂಕಿಗೂಡಿನಲ್ಲಿ ಹೊಸ ಓಕ್ ದಿಮ್ಮಿ ಸಿದ್ಧವಾಗಿತ್ತು. ಹೋದ ವರ್ಷದ ದಿಮ್ಮಿಯಲ್ಲಿ ಉಳಿಸಿದ ತುಂಡಿನಿಂದಲೇ ಅದನ್ನು ಹೊತ್ತಿಸಬೇಕು. ನಿಧಿ ಹುಟ್ಟಿದಾಗಿನಿಂದ ಆ ಪದ್ಧತಿ ಒಮ್ಮೆಯೂ ತಪ್ಪಿಲ್ಲ. ಈ ಸಲ ತುಂಡನ್ನು ಕಾಯುವ ಕೆಲಸ ಮೊದಲ ಬಾರಿಗೆ ಅವಳದೇ ಆಗಿತ್ತು.

ಮೇಜಿನ ಹತ್ತಿರ ಹೋದ ಮಗು ಬರಿಗೈಯಲ್ಲಿ ನಿಂತಿತು.

"ಅಪ್ಪಾ, ನಾನು ಲೂಸ್ ಮಾಡ್ಬಿಟ್ಟೆ. ಐ ವಾಸ್ ದ ಕೀಪರ್."

"ಆಟಕ್ಕೆ ಏನಾದ್ರೂ ತಗೊಂಡಿದ್ಯಾ? ನೆನಪು ಮಾಡ್ಕೊ," ಎಂದ ಯಶವಂತ.

ನಿಧಿ ಇಲ್ಲವೆಂದು ಗೋಣಾಡಿಸಿದಳು. ಅಲಮೇಲುಗೆ ಎಲ್ಲ ಅರ್ಥವಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಹೊಳೆಯದೆ ಇರಲಿಲ್ಲ. ಆದರೆ ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು ನಿಂತ ಮಗುವನ್ನು ನೋಡಿ, ಹತ್ತಿರ ಹೋಗಿ ಅವಳ ಭುಜ ಹಿಡಿದರು.

"ನೀನಲ್ಲ ಪುಟ್ಟಿ, ನಾನು. ಕೊಳ್ಳಿ ಅಂದ್ಕೊಂಡು ಮರದ ಬುಡಕ್ಕೆ ಹಾಕ್ಬಿಟ್ಟೆ ಕಣೇ. ತಪ್ಪಾಯ್ತು."

ಅಮ್ಮನ ಬಾಯಲ್ಲಿ ತಪ್ಪಾಯ್ತು ಎಂಬ ಮಾತನ್ನು ಯಶವಂತ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನಿಗೆ ಕೂರಲು ಕುರ್ಚಿ ಬೇಕಾಯಿತು.

"ನೀನು ಥ್ರೋ ಮಾಡಿದ್ಯಾ ಅಜ್ಜಿ?"

"ಎಸೀಲಿಲ್ಲ. ನಮಸ್ಕಾರ ಮಾಡಿ ಇಟ್ಟೆ."

ಮೆರಿಡಿತ್ ಓಡಿಹೋಗಿ ತಂದಳು. ತುಂಡಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದು ಹತ್ಕೊಳ್ಳಲ್ಲ ಬಿಡಮ್ಮ," ಎಂದ ಯಶವಂತ.

"ಯಾಕೆ ಹತ್ಕೊಳ್ಳಲ್ಲ? ಓವನ್ ಆನ್ ಮಾಡು. ಇನ್ನೂರು ಡಿಗ್ರಿ ಫ್ಯಾರನ್‌ಹೀಟ್, ಜಾಸ್ತಿ ಬೇಡ. ಒಣಗಿಸೋದನ್ನ ನಂಗೆ ಹೇಳಿಕೊಡ್ಬೇಡ."

ಅಜ್ಜಿ, ಮೊಮ್ಮಗಳು ಓವನ್ನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರು. ಹದಿನೈದು ನಿಮಿಷಕ್ಕೊಮ್ಮೆ ಮಗುಚಿ ಹಾಕಿದರು. ನಡುವೆ ಹೊಗೆಯ ಅಲಾರಂ ಕಿರುಚಿಕೊಂಡಿತು. ಮೆರಿಡಿತ್ ಟವೆಲ್ ಬೀಸುತ್ತ ಬಿದ್ದು ಬಿದ್ದು ನಕ್ಕಳು. ನಿಧಿಯೂ ನಕ್ಕಳು. ಎರಡು ಗಂಟೆಯ ಮೇಲೆ ಕಡ್ಡಿ ಗೀರಿದಾಗ ತುಂಡು ಹೊತ್ತಿತು, ಅದರಿಂದ ದಿಮ್ಮಿಯೂ ಹೊತ್ತಿತು. ಅಲಮೇಲುಗೆ ಚಿಕ್ಕಂದಿನಲ್ಲಿ ಪರೀಕ್ಷೆ ಪಾಸಾದಾಗಿನಷ್ಟು ಸಂತೋಷವಾಯಿತು.

ಊಟವಾಗಿ ಹೊರಟಾಗ ನಿಧಿ ಬಾಗಿಲಿಗೆ ಅಡ್ಡ ಬಂದಳು. ಹೊಸ ದಿಮ್ಮಿಯಿಂದ ಮುರಿದು ಬೆಂಕಿ ಆರಿಸಿದ ತುಂಡು, ಫಾಯಿಲ್ ಸುತ್ತಿ, ಅವಳ ಕೈಯಲ್ಲಿತ್ತು.

"ಅಜ್ಜಿ, ನೆಕ್ಸ್ಟ್ ಇಯರ್ ನೀನು ಕೀಪರ್."

"ನಾನಾ? ಎತ್ತಿ ಹಾಕಿದವಳೇ ನಾನಲ್ವೇನೇ!"

"ಅದಕ್ಕೇ. ಇನ್ನು ನೀನು ಫರ್ಗೆಟ್ ಮಾಡಲ್ಲ."

ಅಲಮೇಲು ಎರಡೂ ಕೈ ಚಾಚಿ ಇಸಿದುಕೊಂಡರು. ಕಾರಿನಲ್ಲಿ ಪಕ್ಕದ ಸೀಟಿನ ಮೇಲೆ ಇಟ್ಟು, ಅದಕ್ಕೂ ಬೆಲ್ಟ್ ಹಾಕಿದರು.